ಪಾಳಿ ಬರೂತನಕ

ಕಳೆದ ಚಳಿಗಾಲದಲ್ಲಿ ಒಂದು ದಿನ ವಿಜಯಪುರದ ನೋಟರಿ ಮೇಜಿನ ಮುಂದೆ ನಮ್ಮ ಸೋದರತ್ತೆ ಕೂತಿದ್ದಳು. ಅವಳ ಮುಂದೆ ಛಾಪಾ ಕಾಗದ, ಪಕ್ಕದಲ್ಲಿ ನಾನು. ಅಮೆರಿಕದಲ್ಲಿರುವ ಅವಳ ಮಗನ ಗ್ರೀನ್ ಕಾರ್ಡ್ ಅರ್ಜಿಗೆ ಅವನು ಹುಟ್ಟಿದ್ದಕ್ಕೆ ಸಾಕ್ಷಿ ಬೇಕಾಗಿತ್ತು. ನೋಟರಿಯವರು ಓದಿದರು: ಸದರಿ ವ್ಯಕ್ತಿಯು ಜನಿಸಿದ ಸಂಗತಿಯು ನನ್ನ ಖುದ್ದು ಅರಿವಿನಲ್ಲಿರುತ್ತದೆ.

“ಅಂದ್ರ?” ಅಂದಳು ಅತ್ತೆ.

“ಅಂವ ಹುಟ್ಟಿದ್ದು ನಿಮಗ ಖುದ್ದ ಗೊತ್ತದ ಅಂತ, ಅವ್ವಾರ.”

“ನಾ ಇರಲಾರದ ಅಂವ ಹ್ಯಾಂಗ ಹುಟ್ಟತಾನ್ರೀ ಸಾಹೇಬ್ರ?”

ಸುತ್ತಲಿದ್ದವರೆಲ್ಲ ನಕ್ಕರು. ನೋಟರಿಯವರೂ ನಕ್ಕು, ಸಾಕ್ಷಿದಾರಳ ಗುರುತಿಗೆಂದು ಅವಳ ಆಧಾರ್ ಕಾರ್ಡ್ ತೆಗೆದುಕೊಂಡರು. ಅದರಲ್ಲಿ ಅತ್ತೆಯ ಹುಟ್ಟಿದ ದಿನ ಜೂನ್ 1. ಮೂರು ವರ್ಷ ಶಾಲೆಗೆ ಹೋಗಿದ್ದಕ್ಕೆ ಮಾಸ್ತರರು ಕೊಟ್ಟ ದಿನ ಅದು. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ತನ್ನ ಹುಟ್ಟು ತನಗೇ ಗೊತ್ತಿಲ್ಲದ ಅತ್ತೆ ಮಗನ ಹುಟ್ಟಿಗೆ ಸಾಕ್ಷಿಯಾಗಿ ರುಜು ಹಾಕಿದಳು.

ನನಗೆ ನಗು ಬರಲಿಲ್ಲ. ಈ ಕಾಗದ ಮೂರು ವರ್ಷದ ಹಿಂದೆಯೇ ಆಗಬೇಕಿತ್ತು. ಆಗದೆ ಇದ್ದದ್ದು ಅಮೆರಿಕ ಸರ್ಕಾರದ ತಪ್ಪಲ್ಲ, ನಮ್ಮದು.

ಬಾವಿ, ಕರೆಂಟು, ಪೈಪು

ಸರತಿಗೆ ನಮ್ಮ ಕಡೆ ಪಾಳಿ ಅನ್ನುತ್ತೇವೆ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳ ಪಾಳಿ, ಅಣ್ಣತಮ್ಮಂದಿರ ನಡುವಿನ ಬಾವಿಗೆ ನೀರಿನ ಪಾಳಿ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟದವರನ್ನು ಕೇಳಿದರೆ ಪಾಳಿಯ ಶಾಸ್ತ್ರವನ್ನು ಮೂರು ಮಾತಲ್ಲಿ ಹೇಳಿಯಾರು. ಬಾವಿಯ ನೀರಲ್ಲಿ ಯಾರ ಪಾಲೆಷ್ಟು, ಎಷ್ಟು ಜನ ಪಾಲುದಾರರು ಅನ್ನುವುದು ವಾಟ್ನಿಯಲ್ಲೇ, ಅಂದರೆ ಆಸ್ತಿ ಹಂಚಿಕೆಯ ಪತ್ರದಲ್ಲೇ, ಬರೆದುಹೋಗಿರುತ್ತದೆ. ಅದನ್ನು ಬದಲಿಸಲು ಒಬ್ಬನಿಂದಾಗದು. ಕರೆಂಟು ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಕರೆಂಟಿನವರ ಕೈಯಲ್ಲಿ. ಕೇಳಬಹುದು, ತಕರಾರು ಕೊಡಬಹುದು. ಆದರೆ ಪಾಳಿ ಬಂದ ರಾತ್ರಿ ಪೈಪು ಹರಿದಿರದಂತೆ ನೋಡಿಕೊಳ್ಳುವುದು ಮಾತ್ರ ಪೂರಾ ನಮ್ಮ ಕೈಯಲ್ಲಿ.

ವಲಸೆ ಅರ್ಜಿಯ ತಡವೂ ಹೀಗೆಯೇ ಮೂರು ಬಗೆ. ಒಂದು ಕಾನೂನು ಇಟ್ಟ ತಡ, ಇನ್ನೊಂದು ಕಚೇರಿ ಮಾಡುವ ತಡ, ಮತ್ತೊಂದು ಮನೆಯ ಟ್ರಂಕಿನಲ್ಲಿ ಮಲಗಿರುವ ತಡ. ಮೂರನ್ನೂ ಒಂದೇ ಎಂದು ತಿಳಿದವರು ಬದಲಿಸಲಾಗದ ಕಾನೂನನ್ನು ಬದಲಿಸುತ್ತೇನೆಂದ ಏಜೆಂಟನಿಗೆ ಹಣ ಸುರಿಯುತ್ತಾರೆ, ನಾಲ್ಕು ವಾರದಲ್ಲಿ ಆಗುವ ಕಾಗದವನ್ನು ಹತ್ತು ವರ್ಷ ಮುಟ್ಟುವುದಿಲ್ಲ. ನಾವೂ ಇದನ್ನೇ ಮಾಡಿದೆವು.

ಎಲ್ಲ ಮನೆಗೂ ಏಳೇ ಕೊಡ

ಮೊದಲು ಬಾವಿಯ ಲೆಕ್ಕ. ಅಮೆರಿಕದ 1990ರ ವಲಸೆ ಕಾಯ್ದೆಯ ಪ್ರಕಾರ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಈ ಲೆಕ್ಕದಲ್ಲಿ ಕೆಲಸಗಾರನ ಹೆಂಡತಿ, ಮಕ್ಕಳೂ ಸೇರಿದ್ದಾರೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ 7ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಐಸ್‌ಲ್ಯಾಂಡಿಗೂ ಶೇ 7, ಭಾರತಕ್ಕೂ ಶೇ 7. ಮೂರು ಜನರ ಮನೆಗೂ ಮೂವತ್ತು ಜನರ ವಾಡೆಗೂ ಏಳೇ ಕೊಡ ಎಂದ ಹಾಗೆ.

ನಮ್ಮ ಎಂಜಿನಿಯರುಗಳು ಹೆಚ್ಚಾಗಿ ನಿಲ್ಲುವುದು ಇಬಿ-2, ಇಬಿ-3 ಎಂಬ ಎರಡು ಪಾಳಿಗಳಲ್ಲಿ. ಒಂದೊಂದಕ್ಕೂ ವರ್ಷಕ್ಕೆ ಸುಮಾರು 40,000 ಕಾರ್ಡ್. ಅದರ ಶೇ 7 ಅಂದರೆ 2,800ರ ಆಸುಪಾಸು. ಬೇರೆ ದೇಶದವರು ಬಳಸದೆ ಬಿಟ್ಟದ್ದು ಉಳಿದರೆ ನಮ್ಮವರಿಗೆ ಹರಿದು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅಮೆರಿಕದ ಕೇಟೊ ಸಂಸ್ಥೆ 2023ರಲ್ಲಿ ಹಾಕಿದ ಲೆಕ್ಕದಂತೆ ಈ ಪಾಳಿಯಲ್ಲಿ ನಿಂತ ಭಾರತೀಯರು ಸುಮಾರು 11 ಲಕ್ಷ. ಆಗ ಹೊಸದಾಗಿ ಸೇರಿಕೊಂಡವನಿಗೆ 134 ವರ್ಷ ಬೇಕೆಂದು ಅದೇ ಲೆಕ್ಕ ಹೇಳಿತು. ಗೋಳಗುಮ್ಮಟದ ಕಟ್ಟಡ 30 ವರ್ಷದಲ್ಲಿ ಮುಗಿಯಿತು ಎನ್ನುತ್ತಾರೆ. ಅಂಥ ನಾಲ್ಕು ಗುಮ್ಮಟ ಎದ್ದರೂ ಈ ಪಾಳಿ ಮುಗಿಯದು.

ಪಾಳಿಯಲ್ಲಿ ನಿಮ್ಮ ಜಾಗ ಯಾವುದು ಅನ್ನುವುದನ್ನು ಒಂದು ದಿನಾಂಕ ಹೇಳುತ್ತದೆ. ಕಂಪನಿ ನಿಮಗಾಗಿ ಮೊದಲ ಅರ್ಜಿ ಹಾಕಿದ ದಿನ ಅದು. ಪ್ರಯಾರಿಟಿ ಡೇಟ್ ಅನ್ನುತ್ತಾರೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಹೊರಡಿಸಿ, ಇಂಥ ದಿನಾಂಕದವರೆಗೆ ಬಂದಿದ್ದೇವೆ ಎಂದು ಸಾರುತ್ತದೆ. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಪಾಳಿ 2013ರ ಏಪ್ರಿಲ್‌ನಲ್ಲಿತ್ತು. ಅಂದರೆ ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಕೂಸು ಆರನೆಯ ಇಯತ್ತೆ ಮುಗಿಸಿರುತ್ತದೆ. ಅಣ್ಣನೋ ಅಕ್ಕನೋ ನಾಗರಿಕತ್ವ ಪಡೆದು ಒಡಹುಟ್ಟಿದವರನ್ನು ಕರೆಸಿಕೊಳ್ಳುವ ಪಾಳಿ ಇನ್ನೂ ಉದ್ದ. ಅದು ಆಗಿನ್ನೂ 2006ರಲ್ಲಿ ನಿಂತಿತ್ತು. ಅಲ್ಲಿ ಕಾದಿರುವ ತಮ್ಮನ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿ ಅರ್ಜಿಯಿಂದಲೇ ಹೊರಬೀಳುವ ಸಂಭವವಿದೆ.

ಈ ಪಾಳಿಯ ವಿಚಿತ್ರವೆಂದರೆ ಅದು ಹಿಂದಕ್ಕೂ ಸರಿಯುತ್ತದೆ. ಕೋವಿಡ್ ಕಾಲದಲ್ಲಿ ಕುಟುಂಬ ವರ್ಗದ ವೀಸಾಗಳು ಖರ್ಚಾಗದೆ ಉಳಿದು ಉದ್ಯೋಗ ವರ್ಗಕ್ಕೆ ಹರಿದವು. ಭಾರತದ ಇಬಿ-2 ದಿನಾಂಕ 2022ರ ಸೆಪ್ಟೆಂಬರ್ ಹೊತ್ತಿಗೆ 2014ರ ಡಿಸೆಂಬರ್ ತಲುಪಿತು. ಮರು ತಿಂಗಳೇ 2012ರ ಏಪ್ರಿಲ್‌ಗೆ, 2023ರ ಏಪ್ರಿಲ್‌ನಲ್ಲಿ 2011ರ ಜನವರಿಗೆ ಕುಸಿಯಿತು.

ಅತ್ತೆಯ ಮಗನ ದಿನಾಂಕ 2013ರದು. 2022ರ ಬೇಸಿಗೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಅವನಿಗೆ ಬಾಗಿಲು ತೆರೆದಿತ್ತು. ಕಂಪನಿಯ ವಕೀಲರು ಕೇಳಿದ್ದು ಒಂದೇ ಮುಖ್ಯ ಕಾಗದ: ಜನನ ಪ್ರಮಾಣಪತ್ರ, ಇಲ್ಲದಿದ್ದರೆ ‘ಜನನ ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರದ ಜೊತೆ ಇಬ್ಬರು ಹಿರಿಯರ ಅಫಿಡವಿಟ್. “ಮಾಡಿಸೂಣ ತಗೋ, ಎಲ್ಲಿ ಓಡಿ ಹೋಗತದ” ಎಂದೆವು. ಅದು ಓಡಿಯೇ ಹೋಯಿತು.

ನಿಂತಲ್ಲೇ ಊರು ಬದಲಾದ ಕತೆ

ನಮ್ಮ ಭಾಗದ ಕಾಗದಗಳಿಗೆ ಅವುಗಳದೇ ಸಂಕಟಗಳಿವೆ. ಅತ್ತೆಯ ಮಗ ಹುಟ್ಟಿದ್ದು 1984ರಲ್ಲಿ, ತಿಕೋಟಾ ಹತ್ತಿರದ ತೋಟದ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲೇ ಆದರೂ ಮನೆಯಲ್ಲಾದ ಹೆರಿಗೆಯನ್ನು ತಲಾಠಿಯ ತನಕ ಒಯ್ದು ಬರೆಸಿದವರು ಕಡಿಮೆ. ಬರೆಸಿದ್ದರೂ ಕಾಗದದಲ್ಲಿರುವುದು ‘ತಾಲ್ಲೂಕು ಬಿಜಾಪುರ, ಜಿಲ್ಲೆ ಬಿಜಾಪುರ’. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ತಿಕೋಟಾ, ಬಬಲೇಶ್ವರ ಎರಡೂ ಇದ್ದವು. ಈಗ ಅದೇ ತೋಟದ ಮನೆ ‘ತಾಲ್ಲೂಕು ತಿಕೋಟಾ, ಜಿಲ್ಲೆ ವಿಜಯಪುರ’. ಬಾದಾಮಿ, ಮುಧೋಳದ ಕಡೆ ಹುಟ್ಟಿದವರಾದರೆ ಇನ್ನೊಂದು ಸುತ್ತು: 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 1956ಕ್ಕೆ ಮುಂಚೆ ಹುಟ್ಟಿದ ಅಜ್ಜನ ಕಾಗದದಲ್ಲಿ ರಾಜ್ಯವೇ ಮುಂಬೈ. ಮನುಷ್ಯ ನಿಂತಲ್ಲೇ ನಿಂತಿದ್ದಾನೆ, ಅವನ ಹುಟ್ಟಿದೂರು ಮೂರು ಸಲ ವಲಸೆ ಹೋಗಿದೆ.

ದೂರದ ದೇಶದ ಅಧಿಕಾರಿಗೆ ಬಿಜಾಪುರವೂ ವಿಜಯಪುರವೂ ಒಂದೇ ಎಂದು ಯಾರು ಹೇಳಬೇಕು? ನಾವೇ, ಕಾಗದದ ಮೂಲಕ. ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಅರ್ಜಿಯ ಜೊತೆ ಇಟ್ಟರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಇಡದಿದ್ದರೆ ‘ಹೆಚ್ಚಿನ ಸಾಕ್ಷ್ಯ ಕೊಡಿ’ ಎಂಬ ಪತ್ರ ಬಂದು, ಉತ್ತರ ಹೋಗಿ, ಕಡತ ಮತ್ತೆ ಮೇಲೇಳುವವರೆಗೆ ತಿಂಗಳುಗಳು ಕಳೆಯುತ್ತವೆ.

ಇನ್ನು ಹೆಸರು. ನಮ್ಮಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಉಂಟು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಆಧಾರಿನಲ್ಲಿ ಅಪ್ಪನ ಹೆಸರು ಬರೀ ಒಂದಕ್ಷರ. ಇಂಗ್ಲಿಷಿನಲ್ಲಿ ಬರೆಯುವಾಗ ಬಿರಾದಾರರ ಕೊನೆಗೆ ಒಬ್ಬ ಗುಮಾಸ್ತ ಒಂದು ಅಕ್ಷರ ಹೆಚ್ಚು ಹಾಕಿರುತ್ತಾನೆ, ಬಸವರಾಜನ ನಡುವೆ ಇನ್ನೊಬ್ಬ ಅಕ್ಷರ ಬದಲಿಸಿರುತ್ತಾನೆ. ಲಿಂಗಪ್ಪನೇ ನಿಂಗಪ್ಪ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇಬ್ಬರೂ ಒಬ್ಬನೇ ಎಂಬ ಅಫಿಡವಿಟ್ ಮಾಡಿಸಲು ವಿಜಯಪುರದಲ್ಲಿ ಅರ್ಧ ದಿನ ಸಾಕು. ಅದು ಬೇಕಾಗುತ್ತದೆಂದು ಹೊಳೆಯಲು ನಮಗೆ ಒಂಬತ್ತು ವರ್ಷ ಹಿಡಿಯಿತು.

‘ದಾಖಲೆ ಲಭ್ಯವಿಲ್ಲ’ ಎಂಬ ಕಾಗದಕ್ಕಾಗಿಯೂ ಓಡಾಡಿದೆವು. ಹಳೆಯ ವಹಿ ಎಲ್ಲಿದೆ, ಹೊಸ ತಾಲ್ಲೂಕಿನ ಪಾಲಿಗೆ ಯಾವುದು ಬಂತು ಎಂದು ಒಂದು ಮೇಜಿನವರು ಇನ್ನೊಂದು ಮೇಜು ತೋರಿಸಿದರು. ಇಲ್ಲದ ಕಾಗದ ಇಲ್ಲ ಎಂದು ಹೇಳಿಸಲು ಮೂರು ವಾರ ಬೇಕಾಯಿತು. ಅವಸರದಲ್ಲಿ ಮೂರು ವಾರ ಒಂದು ಯುಗ. ಹನ್ನೆರಡು ವರ್ಷದ ಪಾಳಿಯಲ್ಲಿ ಅದು ಏನೇನೂ ಅಲ್ಲ.

ಗದ್ದುಗೆ ಬದಲಾದರೆ ಬಾಗಿಲು ಬದಲು

ಉಳಿದದ್ದು ಕರೆಂಟಿನ ತಡ, ಅಂದರೆ ಕಚೇರಿಯದು. ಇದು ಮೊದಲು ನಮ್ಮ ದೇಶದ ಕಚೇರಿಯಲ್ಲೇ ಇತ್ತು. ಪಾಸ್‌ಪೋರ್ಟಿಗೆ ನಮ್ಮವರು ಹುಬ್ಬಳ್ಳಿಯೋ ಬೆಂಗಳೂರೋ ಎಂದು ತಿರುಗಿದ ಕಾಲವಿತ್ತು. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಯೋಜನೆ ಆಮೇಲೆ ವಿಜಯಪುರಕ್ಕೂ ಬಂದು ಆ ಭಾರ ಇಳಿಸಿತು. ವೀಸಾಕ್ಕೆ ಮಾತ್ರ ಈಗಲೂ ದೂರದ ದಾರಿಯೇ. ಕರ್ನಾಟಕ ಅಮೆರಿಕದ ಚೆನ್ನೈ ದೂತಾವಾಸದ ವ್ಯಾಪ್ತಿಯಲ್ಲಿದೆ. ನಮ್ಮ ಕಡೆಯ ಹಿರಿಯರಿಗೆ ಹೈದರಾಬಾದ್ ಹತ್ತಿರವೆಂದು ಅಲ್ಲಿ ದಿನ ಹಿಡಿಯುವವರೂ ಉಂಟು. ಬೆಂಗಳೂರಿನಲ್ಲಿ ದೂತಾವಾಸದ ಫಲಕ 2025ರ ಜನವರಿಯಲ್ಲಿ ಅನಾವರಣಗೊಂಡರೂ ವೀಸಾ ಕೆಲಸ ಅದರ ಜೊತೆ ಶುರುವಾಗಲಿಲ್ಲ.

ಮೊಮ್ಮಗನ ಮುಖ ನೋಡಲು ಹೊರಟ ಅಜ್ಜ ಅಜ್ಜಿಗೆ 2022ರ ಕೊನೆಯಲ್ಲಿ ಪ್ರವಾಸಿ ವೀಸಾದ ಸಂದರ್ಶನವೇ ಎರಡೂವರೆ ವರ್ಷದಾಚೆಗೆ ಸಿಗುತ್ತಿತ್ತು. ಹೆಚ್ಚುವರಿ ಸಿಬ್ಬಂದಿ ಬಂದು, ಶನಿವಾರವೂ ಕಚೇರಿ ನಡೆದು ಅದು ಇಳಿಯಿತು. ಆದರೆ 2025ರಲ್ಲಿ ಹೊಸ ತಡಗಳು ಎದ್ದವು. ಸೆಪ್ಟೆಂಬರ್‌ನಿಂದ ಸಂದರ್ಶನ ವಿನಾಯಿತಿಯ ಡ್ರಾಪ್‌ಬಾಕ್ಸ್ ಸವಲತ್ತು ಬಹುತೇಕರಿಗೆ ಹೋಯಿತು. ಮೂರನೆಯ ದೇಶಕ್ಕೆ ಹೋಗಿ ವೀಸಾ ಮುದ್ರೆ ಒತ್ತಿಸಿಕೊಳ್ಳುವ ದಾರಿಯೂ ಮುಚ್ಚಿತು. ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಅದೇ ತಿಂಗಳ 19ಕ್ಕೆ ಬಂತು. ಡಿಸೆಂಬರ್ 15ರಿಂದ ಎಚ್-1ಬಿ, ಅವರ ಹೆಂಡತಿ ಮಕ್ಕಳ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನು ಜಾಲಾಡುವ ನಿಯಮ ಜಾರಿಯಾಯಿತು. ಆ ತಿಂಗಳು ಭಾರತದಲ್ಲಿ ಸಂದರ್ಶನವಿದ್ದ ಅನೇಕರ ದಿನ 2026ರ ಮಾರ್ಚ್‌ಗೋ ಅದರಾಚೆಗೋ ಸರಿಯಿತು. ತಂಗಿಯ ಲಗ್ನಕ್ಕೆಂದು ಮೂರು ವಾರ ಬಂದವನು ಊರಲ್ಲೇ ಉಳಿಯುವ ಪರಿಸ್ಥಿತಿ.

ವಿಜಯಪುರದವರಿಗೆ ಇದು ತೀರ ಹೊಸ ಕತೆಯಾಗಬಾರದು. ಈ ಊರನ್ನು ಕಟ್ಟಿದವರಲ್ಲಿ ವಲಸೆ ಬಂದವರು ಬಹಳ. ಇತಿಹಾಸಕಾರ ಫಿರಿಶ್ತಾ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಸೀಮೆಯಲ್ಲಿ ಹುಟ್ಟಿದವನು. 1589ರಲ್ಲಿ ಬಿಜಾಪುರದ ದರ್ಬಾರಿಗೆ ಬಂದ. ಪರ್ಷಿಯಾ, ಮಧ್ಯ ಏಷ್ಯಾದಿಂದ ಬಂದ ‘ಅಫಾಕಿ’ಗಳಿಗೂ ಇಲ್ಲಿಯೇ ನೆಲೆಸಿದ್ದ ದಖ್ಖನಿಗಳಿಗೂ ತಿಕ್ಕಾಟ ನಡೆದೇ ಇತ್ತು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲ್ ಶಾಹ ಹೊರಗಿನಿಂದ ಬಂದ ಬಹುಪಾಲು ಸರದಾರರನ್ನು ಕೆಲಸದಿಂದ ತೆಗೆದ. ಅವನ ಮಗ ಗದ್ದುಗೆ ಏರಿದ ಮೇಲೆ ಅವರನ್ನು ಮತ್ತೆ ಕರೆದ. ಗದ್ದುಗೆ ಬದಲಾದರೆ ಬಾಗಿಲು ಬದಲಾಗುತ್ತದೆ ಎಂಬುದು ಇಲ್ಲಿಯ ಕೋಟೆ ಗೋಡೆಗಳಿಗೆ ಗೊತ್ತಿರುವ ಮಾತು.

ಮಣ್ಣಿಗೂ ಬರಲಾಗದವರು

ತಡದ ನಿಜವಾದ ಬೆಲೆ ಬುಲೆಟಿನ್‌ನಲ್ಲಿ ಕಾಣುವುದಿಲ್ಲ. ಎಚ್-1ಬಿ ಆರು ವರ್ಷದ್ದು. ಗ್ರೀನ್ ಕಾರ್ಡಿನ ಮೂಲ ಅರ್ಜಿಗೆ ಒಪ್ಪಿಗೆ ಸಿಕ್ಕವರು ಮೂರು ಮೂರು ವರ್ಷ ಮುಂದುವರಿಸಿಕೊಳ್ಳಬಹುದು. ಇದು 2000ದಲ್ಲಿ ಬಂದ ಕಾನೂನಿನ ಸವಲತ್ತು. ಹೀಗೆ ಮೂರು ವರ್ಷಗಳ ತೇಪೆ ಹಚ್ಚಿಕೊಂಡೇ ಮನೆ ಕೊಂಡವರು, ಮಕ್ಕಳನ್ನು ಬೆಳೆಸಿದವರು ನಮ್ಮ ಕಡೆಯೂ ಇದ್ದಾರೆ. ಕೆಲಸ ಹೋದರೆ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಊರಿಗೆ ಬಂದವನು ಮರಳಿ ಯಾವಾಗ ಹೋದಾನು ಎಂಬ ಖಾತ್ರಿಯಿಲ್ಲ. ಹಾಗಾಗಿ ಹೆತ್ತವರ ಮಣ್ಣಿಗೆ ಬರಲಾಗದೆ, ಯಾರೋ ಹಿಡಿದ ಮೊಬೈಲಿನಲ್ಲಿ ನೋಡಿ ಅತ್ತವರ ಸಂಗತಿ ನಮ್ಮ ಊರುಗಳಲ್ಲಿ ಈಗ ಅಪರೂಪವಲ್ಲ.

ಮಕ್ಕಳದು ಇನ್ನೊಂದು ಲೆಕ್ಕ. ಎರಡು ವರ್ಷದ ಕೂಸಾಗಿ ವಿಜಯಪುರದಿಂದ ಹೋದ ಹುಡುಗಿಗೆ 21 ತುಂಬಿದರೆ ಅಪ್ಪನ ಅರ್ಜಿಯ ನೆರಳು ತಪ್ಪುತ್ತದೆ. 2002ರ ಕಾಯ್ದೆಯೊಂದು ಕೆಲವರ ವಯಸ್ಸನ್ನು ಲೆಕ್ಕದಲ್ಲಿ ತುಸು ಹಿಡಿದು ನಿಲ್ಲಿಸುತ್ತದೆ, ಎಲ್ಲರದನ್ನೂ ಅಲ್ಲ. ಅದೇ ಮನೆಯಲ್ಲಿ ಅಲ್ಲೇ ಹುಟ್ಟಿದ ತಮ್ಮ ನಾಗರಿಕ. ಅವನಿಗೆ 21 ತುಂಬಿದಾಗ ಅಪ್ಪ ಅವ್ವನಿಗೆ ತಾನೇ ಅರ್ಜಿ ಹಾಕಬಹುದು, ಅದಕ್ಕೆ ದೇಶವಾರು ಮಿತಿಯಿಲ್ಲ. ಅಪ್ಪನ ಪಾಳಿಗಿಂತ ಮಗನ ಮೀಸೆ ಮೊದಲು ಬಂದೀತು.

ಈ ಶೇ 7ರ ಮಿತಿ ತೆಗೆಯುವ ಮಸೂದೆ 2019ರಲ್ಲಿ ಅಮೆರಿಕದ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಯಿತು. ಮರುವರ್ಷ ಸೆನೆಟ್ ತನ್ನದೇ ರೂಪವೊಂದನ್ನು ಒಪ್ಪಿತು. ಎರಡೂ ಒಂದಾಗದೆ ಕಾನೂನಾಗಲಿಲ್ಲ. ಬಾವಿಯ ವಾಟ್ನಿ ಹಾಗೆಯೇ ಉಳಿಯಿತು.

ಯಾವ ತಡಕ್ಕೆ ಯಾವ ಔಷಧ

ಹಾಗಾದರೆ ಮಾಡುವುದೇನು? ಮೊದಲು, ಸಿಕ್ಕಿಬಿದ್ದಿರುವುದು ಯಾವ ತಡ ಎಂದು ಕೇಳಿಕೊಳ್ಳಬೇಕು.

ಕಾನೂನಿನ ತಡವಾದರೆ, “ಪಾಳಿ ಮುಂದ ತರಸತೀನಿ” ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ದೂತಾವಾಸದ ಅಧಿಕಾರಿಗೂ ಆ ದಿನಾಂಕ ಸರಿಸುವ ಅಧಿಕಾರವಿಲ್ಲ. ಆದರೆ ಕಾನೂನಿನೊಳಗೇ ಒಂದೆರಡು ಕಿಟಕಿಗಳಿವೆ. ಪಾಳಿ ಪೌರತ್ವದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಹೆಂಡತಿ ಮಸ್ಕತ್‌ನಲ್ಲೋ ದುಬೈನಲ್ಲೋ ಹುಟ್ಟಿದವಳಾದರೆ ಗಂಡನೂ ಅವಳ ದೇಶದ ಪಾಳಿಯಲ್ಲಿ ನಿಲ್ಲಬಹುದು. ಆ ಪಾಳಿ ಭಾರತದ್ದಕ್ಕಿಂತ ಎಷ್ಟೋ ಗಿಡ್ಡ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಕುಟುಂಬಗಳಲ್ಲಿ ಇದನ್ನು ಅರಿಯದೆ ವರ್ಷಗಟ್ಟಲೆ ಕಾಯುವವರಿರಬಹುದು.

ಕಚೇರಿಯ ತಡವಾದರೆ ಕೇಳುವ ಹಕ್ಕಿದೆ. ಇಂಥ ಅರ್ಜಿಗೆ ಇಷ್ಟು ತಿಂಗಳು ಎಂದು ವಲಸೆ ಇಲಾಖೆಯೇ ಪ್ರಕಟಿಸುತ್ತದೆ. ಆ ಅವಧಿ ಮೀರಿದರೆ ವಿಚಾರಣೆ ಹಾಕಬಹುದು, ತುರ್ತು ಕಾರಣವಿದ್ದರೆ ಬೇಗ ನೋಡಿ ಎಂದು ಕೇಳಬಹುದು. ಅಲ್ಲಿಯ ಸಂಸದರ ಕಚೇರಿಗೆ ಬರೆಯುವುದೂ ವಾಡಿಕೆ. ವಿನಾಕಾರಣ ಕಡತ ಕೂತೇ ಇದ್ದರೆ ಫೆಡರಲ್ ನ್ಯಾಯಾಲಯಕ್ಕೆ ಹೋಗಿ ‘ಒಂದು ತೀರ್ಮಾನ ಕೊಡಿ’ ಎಂದು ಆದೇಶ ತರಬಹುದು. ಹೌದು ಎನ್ನಿ ಎಂದು ನ್ಯಾಯಾಲಯ ಹೇಳದು. ಹೌದೋ ಅಲ್ಲವೋ ಹೇಳಿ ಎನ್ನುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ತಿಳಿಸುವುದು ಮರೆತು, ಬಂದ ಪತ್ರ ಹಳೆ ಮನೆಯಲ್ಲೇ ಉಳಿದು, ಉತ್ತರದ ಗಡುವು ಮೀರಿದರೆ ಆ ತಪ್ಪು ಮಾತ್ರ ಯಾವ ನ್ಯಾಯಾಲಯದ್ದೂ ಅಲ್ಲ.

ಮನೆಯ ತಡವಾದರೆ ಮುಂದಿನ ಸೋಮವಾರವೇ ಟ್ರಂಕು ತೆಗೆಯಬೇಕು. ಜನನ ದಾಖಲೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಶಾಲೆ ಬಿಟ್ಟ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ‘ಲಭ್ಯವಿಲ್ಲ’ ಪತ್ರ ಒಟ್ಟುಮಾಡಿ. ಎಲ್ಲಕ್ಕಿಂತ ಮೊದಲು, ಹುಟ್ಟನ್ನು ಕಂಡ ಹಿರಿಯರು ಬದುಕಿರುವಾಗಲೇ ಅವರ ಅಫಿಡವಿಟ್ ಮಾಡಿಸಿ. ಹೊಲ, ಮನೆಯ ಸಾಕ್ಷಿ ಉತಾರದಲ್ಲಿ ಉಳಿದೀತು. ಮನುಷ್ಯನ ಹುಟ್ಟಿನ ಸಾಕ್ಷಿ ಮನುಷ್ಯರಲ್ಲಿ ಮಾತ್ರ ಉಳಿದಿರುತ್ತದೆ, ಅವರಿಗೆ ವಯಸ್ಸಾಗುತ್ತಿರುತ್ತದೆ. ಅತ್ತೆಯ ಮಗನ ಎರಡನೆಯ ಸಾಕ್ಷಿ ಆಗಬೇಕಿದ್ದವರು ಅವನ ದೊಡ್ಡಪ್ಪ. 2022ರಲ್ಲಿ ಅವರು ಇದ್ದರು.

ಮೊದಲ ಕಾಗದ

2025ರ ಕೊನೆಗೆ, ಕಾರ್ಡ್ ಕೊಡುವ ದಿನಾಂಕವಲ್ಲದಿದ್ದರೂ, ಅರ್ಜಿ ಸ್ವೀಕರಿಸುವ ದಿನಾಂಕ 2013ರ ಡಿಸೆಂಬರ್‌ವರೆಗೆ ಬಂದಾಗ ಬಾಗಿಲು ಮತ್ತೆ ತೆರೆಯಿತು. ಈ ಸಲ ಕಾಗದ ಹೋಯಿತು. ಅತ್ತೆಯ ರುಜು ಅದರಲ್ಲಿತ್ತು. ದೊಡ್ಡಪ್ಪನ ಜಾಗದಲ್ಲಿ ಇನ್ನೊಬ್ಬ ಸಂಬಂಧಿಯ ರುಜು. ಕಾರ್ಡ್ ಇನ್ನೂ ಬಂದಿಲ್ಲ. ಅತ್ತೆ ಫೋನಿನಲ್ಲಿ ಕೇಳುತ್ತಾಳೆ, “ಪಾಳಿ ಬಂತೇನಪಾ?”

“ಪಾಳಿಗೆ ಹಚ್ಚೀವಿ ಅತ್ತಿ. ಇನ್ನ ಬಂದಿಲ್ಲ.”

“ಹಚ್ಚೀರಲ್ಲ, ಸಾಕು.”

ಮೊನ್ನೆ ನಮ್ಮ ಮನೆಯಲ್ಲಿ ಹೆರಿಗೆಯಾಯಿತು, ವಿಜಯಪುರದ ಆಸ್ಪತ್ರೆಯಲ್ಲಿ. ತೊಟ್ಟಿಲ ಕಾರ್ಯ ಯಾವಾಗ, ಯಾರ ಹೆಸರು ಇಡುವುದು ಎಂದು ಹೆಂಗಸರೆಲ್ಲ ಮಾತಾಡುತ್ತಿದ್ದರು. ತಿಕೋಟಾದಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಅತ್ತೆ ಕೂಸಿನ ಮುಖ ನೋಡಿ, ದೃಷ್ಟಿ ತೆಗೆದು, ಕೂಸಿನ ಅಪ್ಪನ ಕಡೆ ತಿರುಗಿದಳು. 21 ದಿನದೊಳಗೆ ನೋಂದಣಿ ಆಗಬೇಕು, ಹೆಸರಿಲ್ಲದಿದ್ದರೂ ಆಗುತ್ತದೆ, ಹೆಸರನ್ನು ಆಮೇಲೂ ಸೇರಿಸಬಹುದು ಎಂಬುದನ್ನೆಲ್ಲ ಅವಳು ನೋಟರಿ ಮೇಜಿನ ಹತ್ತಿರ ಕೂತು ಕೇಳಿಸಿಕೊಂಡಿದ್ದಳು.

“ಹೆಸರ ಆಮ್ಯಾಲ ಇಡೂಣ ಬಿಡೋ. ಮೊದಲ ಕಾಗದ ಮಾಡಿಸಿಕೊಂಡ ಬಾ. ನಾ ಎಷ್ಟ ಮಂದಿಗಂತ ಸಾಕ್ಷಿ ಹೇಳಲಿ?”